ಮುಚ್ಚಳಿಕೆ ಮುರಿದರೆ ಕೇಳುವವರು ಯಾರು?

“ಪ್ರೊಬೇಷನ್ ಅಂದರೆ ಬಿಟ್ಟುಬಿಟ್ಟರು ಅಂತ ತಾನೇ ಮೇಡಂ?” ವಾರದ ಸಭೆಯಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬಳು ಕೇಳಿದಳು. ವರದಕ್ಷಿಣೆಗಾಗಿ ಅವಳನ್ನು ಹೊಡೆದ ಗಂಡನ ತಪ್ಪು 498-ಎ ಕಲಮಿನಡಿ ಸಾಬೀತಾಗಿತ್ತು. ನ್ಯಾಯಾಧೀಶರು ಜೈಲಿಗೆ ಕಳಿಸದೆ ಎರಡು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿದ್ದರು. ಕುಡಿಯಬಾರದು, ತಿಂಗಳಿಗೊಮ್ಮೆ ಪ್ರೊಬೇಷನ್ ಅಧಿಕಾರಿಯನ್ನು ಕಾಣಬೇಕು, ಆರು ತಿಂಗಳೊಳಗೆ ಹೆಂಡತಿಗೆ ಪರಿಹಾರದ ಹಣ ಕೊಡಬೇಕು. ಆರು ಹೋಗಿ ಹತ್ತು ತಿಂಗಳಾಯಿತು. ಹಣ ಬರಲಿಲ್ಲ, ಕುಡಿತ ನಿಲ್ಲಲಿಲ್ಲ. ಹಣೆಬರಹವೆಂದು ಆಕೆ ಸುಮ್ಮನಿದ್ದಳು.

ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿದವಳು ನಾನು. ಈ ಕಾನೂನನ್ನು ಒಂದು ದಿನವೂ ಹೇಳಿಕೊಡಲಿಲ್ಲ. ಆ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಗೆಳತಿಯರೇ, ಪ್ರೊಬೇಷನ್ ಎಂದರೆ ಖುಲಾಸೆಯಲ್ಲ. 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಶಿಕ್ಷೆಯನ್ನು ತಡೆದಿಟ್ಟಿರುತ್ತಾರೆ, ಅಷ್ಟೆ. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 3 ವರ್ಷ. ಷರತ್ತು ಮುರಿದರೆ 9ನೇ ಕಲಮಿನಂತೆ ನ್ಯಾಯಾಲಯ ವಾರಂಟು ಹೊರಡಿಸಬಹುದು. ಅವನನ್ನೂ ಅವನಿಗೆ ಜಾಮೀನು ನಿಂತವರನ್ನೂ ಕರೆಸಬಹುದು. ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. 498-ಎ ಅಪರಾಧಕ್ಕೆ ಅದು 3 ವರ್ಷದವರೆಗಿನ ಜೈಲು ಮತ್ತು ದಂಡ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲೂ ಶಿಕ್ಷೆ ಅಷ್ಟೇ ಇದೆ. ಪರಿಹಾರದ ಹಣವನ್ನು ದಂಡದಂತೆಯೇ ವಸೂಲು ಮಾಡಬಹುದು.

ಆದರೆ ಮೊದಲ ಸಲ ತಪ್ಪಿದವನಿಗೆ 50 ರೂಪಾಯಿವರೆಗೆ ದಂಡ ಹಾಕಿ, ಮುಚ್ಚಳಿಕೆ ಮುಂದುವರಿಸಲೂ ಅವಕಾಶವಿದೆ. 1958ರ ಐವತ್ತು ರೂಪಾಯಿ! ಹೆಣ್ಣಿನ ಬೆನ್ನ ಮೇಲಿನ ಬಾಸುಂಡೆಗೆ ಇದೇ ಬೆಲೆಯೇ? ಇದು ಬದಲಾಗಲೇಬೇಕು.

ತಿದ್ದಿಕೊಳ್ಳಲು ಅವಕಾಶ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ನಾನು ಬೇಡವೆನ್ನುವುದಿಲ್ಲ. ಆದರೆ ತಿದ್ದಿಕೊಳ್ಳುವುದಕ್ಕೂ ಒಂದು ಗಡುವು ಇರುತ್ತದೆ. ಗಡುವು ಮೀರಿದ್ದನ್ನು ಯಾರೂ ಕೇಳದಿದ್ದರೆ ಅದು ದಯೆಯಲ್ಲ, ಹೊಡೆಯಲು ಮತ್ತೆ ಕೊಟ್ಟ ಪರವಾನಗಿ.

ಯಾರು ಕೇಳಬೇಕು? ಪ್ರೊಬೇಷನ್ ಅಧಿಕಾರಿಯ ವರದಿಯಿಂದ “ಅಥವಾ ಬೇರೆ ರೀತಿಯಲ್ಲಿ” ತಿಳಿದುಬಂದರೂ ನ್ಯಾಯಾಲಯ ಕ್ರಮ ಕೈಗೊಳ್ಳಬಹುದೆಂದು ಕಾಯ್ದೆಯೇ ಹೇಳುತ್ತದೆ. ಆ “ಬೇರೆ ರೀತಿ” ನಾವೇ. ಸಾಲದ ಒಂದು ಕಂತು ತಪ್ಪಿದರೆ ಮರುದಿನವೇ ಮನೆ ಬಾಗಿಲಿಗೆ ಹೋಗುವವರು ನಾವು. ಈ ಕಂತನ್ನೇಕೆ ಮರೆಯಬೇಕು? ಆದೇಶದ ನಕಲು ಪಡೆಯಿರಿ. ಪ್ರತಿ ಷರತ್ತಿನ ತಾರೀಕನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ತಪ್ಪಿದರೆ ಅವಧಿ ಮುಗಿಯುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ.

ನಾವು ಐದು ಜನ ಅವಳ ಜೊತೆ ಹೋದೆವು. ನ್ಯಾಯಾಲಯದಿಂದ ಸಮನ್ಸ್ ಹೋದ ವಾರದಲ್ಲೇ, ಜಾಮೀನು ನಿಂತಿದ್ದ ಅವಳ ಭಾವ ಅರ್ಧ ಹಣ ತಂದುಕೊಟ್ಟ. ಇನ್ನರ್ಧ ಬರಬೇಕಿದೆ. ಅದರ ತಾರೀಕು ನಮ್ಮ ಪುಸ್ತಕದಲ್ಲಿದೆ.