ಭದ್ರಾವತಿ ಅನ್ನಬೇಡ, ಬೆಂಗಳೂರು ಅನ್ನು!

ಮೊದಲೇ ಹೇಳಿಬಿಡ್ತೀನಿ, ಇದು ಸಿಟ್ಟಿನಲ್ಲಿ ಬರೆದದ್ದು. ಇಷ್ಟವಾಗದವರು ಇಲ್ಲಿಗೇ ನಿಲ್ಲಿಸಬಹುದು, ಬೇಜಾರಿಲ್ಲ.

ನನ್ನ ಅಕ್ಕನ ಮಗಳು ಭದ್ರಾವತಿಯವಳು. ನ್ಯೂ ಟೌನಿನಲ್ಲಿ ಬೆಳೆದು, ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ, ಪಿಯುಸಿಗೆ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬಂದವಳು. ಈಗ ಇನ್ನೂರು ಗಂಟೆ ವಿಮಾನ ಹಾರಿಸಿ, ಡಿಜಿಸಿಎ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಹಿಡಿದು ಮನೆಗೆ ಬಂದಿದ್ದಾಳೆ. ಏರ್‌ಲೈನ್ ಸಂದರ್ಶನಕ್ಕೆ ತಯಾರಿ ನಡೆದಿದೆ. ಆ ತಯಾರಿಗೆಂದು ಸೇರಿಕೊಂಡ ಒಂದು ಕೋಚಿಂಗ್ ಸಂಸ್ಥೆಯವರು (ಹೆಸರು ಬೇಡ ಬಿಡಿ) ಅವಳಿಗೆ ಮಾಡಿದ ಮೊದಲ ಉಪದೇಶ ಏನು ಗೊತ್ತಾ? "ನಿನ್ನ ಬಗ್ಗೆ ಹೇಳು ಅಂದಾಗ ಭದ್ರಾವತಿ ಅನ್ನಬೇಡ. ಬೆಂಗಳೂರಿನವಳು ಅನ್ನು. ಪ್ರೊಫೈಲ್ ಚೆನ್ನಾಗಿ ಕಾಣುತ್ತೆ."

ಪ್ರೊಫೈಲ್ ಅಂತೆ! ಬೆಂಕಿಪುರ ಅಂತಿದ್ದ ಊರಿಗೆ ಕಬ್ಬಿಣದ ಕಾರ್ಖಾನೆ ತಂದವರು ವಿಶ್ವೇಶ್ವರಯ್ಯ. ಕುಲುಮೆಯ ಕಾವು, ಅದಿರಿನ ಲೆಕ್ಕ, ಶಿಫ್ಟಿನ ಸೈರನ್ನು ಇವುಗಳ ಮಧ್ಯೆ ಮೂರು ತಲೆಮಾರು ಬಾಳಿದೆ. ದೊಡ್ಡ ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಎಚ್ಚರ ತಪ್ಪದೆ ಕೆಲಸ ಮಾಡುವುದು ಅಂದರೇನು ಅಂತ ಈ ಊರಿನ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಕಾಕ್‌ಪಿಟ್ಟಿಗೆ ಬೇಕಾದದ್ದೂ ಅದೇ ಅಲ್ವಾ?

ಎರಡನೇ ಉಪದೇಶ ಉಚ್ಚಾರಣೆಯದು. ಅವಳು "ಟ್ರೀ" ಅಂದರೆ ತಿದ್ದಿ "ಥ್ರೀ" ಅನ್ನಿಸುತ್ತಿದ್ದರಂತೆ. ಮೂರು ವಾರ ಇದೇ ಪಾಠ. ನಗು ಬರೋದು ಇಲ್ಲೇ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೋ, ರೇಡಿಯೋದಲ್ಲಿ ಅಂಕಿಗಳನ್ನು ಹೇಗೆ ಹೇಳಬೇಕು ಅಂತ ಪಟ್ಟಿ ಕೊಟ್ಟಿದೆ. ಅದರಲ್ಲಿ 3 ಅಂದರೆ "ಟ್ರೀ", 5 ಅಂದರೆ "ಫೈಫ್", 9 ಅಂದರೆ "ನೈನರ್", ಸಾವಿರ ಅಂದರೆ "ಟೌಸೆಂಡ್". ಗರಗರ ಸದ್ದಿನ ನಡುವೆಯೂ ಕಿವಿಗೆ ಸ್ಪಷ್ಟವಾಗಿ ಬೀಳಲಿ ಅಂತ ಈ ಏರ್ಪಾಡು. ನಮ್ಮ ಭದ್ರಾವತಿಯ ನಾಲಿಗೆ ತಾನಾಗಿ ಹೇಳುವುದನ್ನು ಐಕಾವೋ ಕಷ್ಟಪಟ್ಟು ಲಂಡನ್ನಿನವರಿಗೂ ಕಲಿಸುತ್ತಿದೆ, ಇವರು ದುಡ್ಡು ತಗೊಂಡು ಮರೆಸುತ್ತಿದ್ದಾರೆ.

ಇಂಗ್ಲಿಷ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು, ಚೆನ್ನಾಗಿಯೇ ಬೇಕು. ಕಂಟ್ರೋಲರ್ ಹೇಳಿದ್ದು ಒಂದು, ಪೈಲಟ್ ಅರ್ಥ ಮಾಡಿಕೊಂಡದ್ದು ಇನ್ನೊಂದು ಆದರೆ ಜೀವ ಹೋಗುತ್ತದೆ. 1977ರಲ್ಲಿ ಟೆನೆರಿಫ್‌ನಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ಅಲ್ಲಿ ಮಾತಿನ ಗೊಂದಲದ ಪಾಲೂ ಇತ್ತು. ಆದರೆ ಅದೇ ಐಕಾವೋ ಅಂತರರಾಷ್ಟ್ರೀಯ ಹಾರಾಟಕ್ಕೆ ಕೇಳುವ ನಾಲ್ಕನೇ ಮಟ್ಟದ ಭಾಷಾ ಅರ್ಹತೆಯಲ್ಲಿ, ಉಚ್ಚಾರಣೆಗೆ ಮಾತೃಭಾಷೆಯ ಛಾಯೆ ಇರಬಹುದು, ಅದು ಕೇಳುಗರಿಗೆ ಪದೇ ಪದೇ ತೊಡಕಾಗಬಾರದು ಅಷ್ಟೆ ಅನ್ನುತ್ತದೆ. ನಿಯಮ ಬರೆದವರಿಗೇ ಇಲ್ಲದ ಕೀಳರಿಮೆ ದುರ್ಗಿಗುಡಿಯ ಪರ್ಸನಾಲಿಟಿ ಡೆವಲಪ್‌ಮೆಂಟ್ ಮೇಷ್ಟ್ರಿಗೆ ಯಾಕೆ ಸ್ವಾಮಿ?

ಇನ್ನು ಪ್ರಶ್ನೆ ಬ್ಯಾಂಕು. ನೂರಾರು ಪುಟದ ಜೆರಾಕ್ಸ್. ಡೆನ್ಸಿಟಿ ಆಲ್ಟಿಟ್ಯೂಡ್ ಅಂದರೇನು ಅಂದರೆ ಎರಡು ಸಾಲಿನ ಉತ್ತರ ಬಾಯಿಪಾಠ. ನಾನು ಅವಳನ್ನು ಕೂರಿಸಿಕೊಂಡು, "ನಮ್ಮೂರಿಗೆ ಲೆಕ್ಕ ಹಾಕು" ಅಂದೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್, ಅಂದರೆ 1870 ಅಡಿ. ಆ ಎತ್ತರದಲ್ಲಿ ಪುಸ್ತಕದ ಪ್ರಕಾರ ಇರಬೇಕಾದ ಉಷ್ಣತೆ 11 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಅಂತಿಟ್ಟುಕೊಳ್ಳಿ. 24 ಡಿಗ್ರಿ ಹೆಚ್ಚು. ಒಂದೊಂದು ಡಿಗ್ರಿಗೆ 120 ಅಡಿ ಸೇರಿಸಿದರೆ, ವಾಯುಒತ್ತಡ ಮಾಮೂಲಿ ಇದ್ದಾಗ, ವಿಮಾನದ ಪಾಲಿಗೆ ನಮ್ಮ ಸೋಗಾನೆ ಹೆಚ್ಚುಕಡಿಮೆ 4700 ಅಡಿ ಎತ್ತರದಲ್ಲಿದೆ! ಗಾಳಿ ತೆಳು, ರೆಕ್ಕೆಗೆ ಎತ್ತುವ ಬಲ ಕಡಿಮೆ, ಇಂಜಿನ್ನಿಗೂ ದಮ್ಮು ಕಡಿಮೆ, ಓಟ ಉದ್ದ ಬೇಕು. ಸೋಗಾನೆಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದದ ರನ್‌ವೇ ಇರುವುದರ ಬೆಲೆ ಆಗ ತಿಳಿಯುತ್ತದೆ. ಅವಳ ಮುಖ ನೋಡಬೇಕಿತ್ತು! "ಮಾಮ, ಇದನ್ನ ಯಾರೂ ಹೀಗೆ ಹೇಳ್ಕೊಡ್ಲಿಲ್ಲ" ಅಂದಳು.

ಪವನವಿಜ್ಞಾನಕ್ಕೂ ಅಷ್ಟೆ. ಮೋಡ ಘಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಸುರಿಯುವುದಕ್ಕೆ ಆಗುಂಬೆಗಿಂತ ಒಳ್ಳೆ ಉದಾಹರಣೆ ಎಲ್ಲಿದೆ? ಬೆಂಗಳೂರಿನಿಂದ ಇಲ್ಲಿಗೆ ಜೆಟ್ ಬಿಟ್ಟು ಎಟಿಆರ್ ಯಾಕೆ ಬರುತ್ತೆ ಅನ್ನುವುದರಲ್ಲಿ ಟರ್ಬೊಪ್ರಾಪ್ ಇಂಜಿನ್ನಿನ ಅರ್ಧ ಪಾಠ ಇದೆ: ದಾರಿ ಸಣ್ಣದು, ಎತ್ತರಕ್ಕೆ ಏರಿ ಇಂಧನ ಉಳಿಸುವಷ್ಟು ಸಮಯವೇ ಇಲ್ಲ. ಎದುರಿಗೆ ಕೂತ ಹಿರಿಯ ಕ್ಯಾಪ್ಟನ್‌ಗೆ ಜೆರಾಕ್ಸ್ ಉತ್ತರ ಎರಡನೇ ಪ್ರಶ್ನೆಗೇ ವಾಸನೆ ಹೊಡೆಯುತ್ತೆ. ಸ್ವಂತ ಊರಿನ ಲೆಕ್ಕ ಹೇಳುವವಳನ್ನು ಆತ ಎಷ್ಟು ಬೇಕಾದರೂ ಕೆದಕಲಿ.

ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಮಾತ್ರ ಇದಕ್ಕಲ್ಲ. "ಕ್ಯಾಪ್ಟನ್ ತಪ್ಪು ಮಾಡುತ್ತಿದ್ದರೆ ಏನು ಮಾಡ್ತೀಯ?" ಅನ್ನುವ ಪ್ರಶ್ನೆಗೆ ಆ ನೋಟ್ಸಿನಲ್ಲಿದ್ದ ಉತ್ತರದ ಸಾರ: ಹಿರಿಯರ ಅನುಭವವನ್ನು ಗೌರವಿಸಿ, ಆಮೇಲೆ ವಿನಯದಿಂದ ಚರ್ಚಿಸುತ್ತೇನೆ. ಆಮೇಲೆ? ಯಾವ ಆಮೇಲೆ ರೀ? 2010ರ ಮೇ 22ರಂದು ಮಂಗಳೂರಿನಲ್ಲಿ ಏನಾಯಿತು ಅಂತ ನಮ್ಮ ಕಡೆಯವರು ಯಾರೂ ಮರೆತಿಲ್ಲ. ವಿಮಾನದಲ್ಲಿದ್ದವರು 166, ಉಳಿದವರು 8. ಫಸ್ಟ್ ಆಫೀಸರ್ ಮೂರು ಸಲ "ಗೋ ಅರೌಂಡ್", ಅಂದರೆ ಇಳಿಸಬೇಡಿ, ಮತ್ತೆ ಮೇಲೇರಿ ಅಂತ ಹೇಳಿದರೂ ಕ್ಯಾಪ್ಟನ್ ಕೇಳದೆ ಇಳಿಸಿದ್ದೇ ಕಾರಣ ಅಂತ ವಿಚಾರಣಾ ವರದಿ ಹೇಳಿತು. ದೊಡ್ಡವರಿಗೆ ಎದುರಾಡಬಾರದು ಅಂತ ಬೆಳೆದ ನಮ್ಮ ಮಕ್ಕಳಿಗೆ ಸಂದರ್ಶನದ ಮೊದಲು ಅಭ್ಯಾಸ ಆಗಬೇಕಾದದ್ದು ಗಟ್ಟಿಯಾಗಿ, ಅದೇ ಕ್ಷಣದಲ್ಲಿ "ತಪ್ಪು" ಅನ್ನುವುದು. ಅದನ್ನು ಬಿಟ್ಟು ಟೈ ಯಾವ ಬಣ್ಣದ್ದು, ಕೈ ಎಲ್ಲಿಡಬೇಕು ಅಂತ ಕಲಿಸುತ್ತಾರೆ. ನಾನು ಈಗ ದಿನಾ ಸಂಜೆ ಕ್ಯಾಪ್ಟನ್ ಆಗಿ ಬೇಕಂತಲೇ ತಪ್ಪು ಮಾಡುತ್ತೇನೆ, ಅವಳು ನನ್ನನ್ನು ಗದರಬೇಕು. ಅಕ್ಕನಿಗೆ ಇದು ಇಷ್ಟವಿಲ್ಲ. "ಮಾಮನಿಗೆ ಹಾಗೆಲ್ಲ ಅಂತಾರಾ?" ಅಂತ ಅಡುಗೆಮನೆಯಿಂದಲೇ ಕೂಗುತ್ತಾಳೆ. ಅನ್ನಲಿ ಬಿಡೇ, ಅನ್ನಲಿ.

ದುಡ್ಡಿನ ಮಾತು. ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಅರ್ಧ ಕೋಟಿಯ ಆಚೀಚೆ ಆಗಿದೆ. ಒಂದು ನಮೂನೆಯ ವಿಮಾನಕ್ಕೆ ಟೈಪ್ ರೇಟಿಂಗ್ ಅಂದರೆ ಮತ್ತೆ ಲಕ್ಷಗಟ್ಟಲೆ. ಕೆಲಸ ಸಿಗಲಿ ಬಿಡಲಿ, ವರ್ಷ ವರ್ಷ ಮೆಡಿಕಲ್ ಆಗಬೇಕು, ಇನ್‌ಸ್ಟ್ರುಮೆಂಟ್ ರೇಟಿಂಗ್ ಊರ್ಜಿತ ಇರಬೇಕು. ಬ್ಯಾಂಕಿನ ಕಂತು ಅಂತೂ ಕಾಯುವುದಿಲ್ಲ. "ದೇಶದಲ್ಲಿ ಪೈಲಟ್ ಕೊರತೆ ಇದೆ" ಅಂತ ಜಾಹೀರಾತು ಕೊಟ್ಟು ಮಕ್ಕಳನ್ನು ಸೇರಿಸಿಕೊಳ್ಳುವವರು ಅರ್ಧ ಸತ್ಯ ಹೇಳುತ್ತಾರೆ. 2025ರ ಡಿಸೆಂಬರಿನಲ್ಲಿ, ಪೈಲಟ್‌ಗಳಿಗೆ ವಾರಕ್ಕೆ 36ರ ಬದಲು 48 ಗಂಟೆ ವಿಶ್ರಾಂತಿ ಮೊದಲಾದ ಹೊಸ ನಿಯಮಗಳು ಬಂದ ಹೊತ್ತಿಗೆ, ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿದ್ದು ನಿಜ. ಆದರೆ ಹಾಗೆ ಇದ್ದಕ್ಕಿದ್ದಂತೆ ಬೇಕಾಗುವುದು ತಯಾರಾಗಿ ನಿಂತ ಪೈಲಟ್‌ಗಳು. ಇನ್ನೂರು ಗಂಟೆಯವಳು ಮರುದಿನ ಹೋಗಿ ಆ ಸೀಟಿನಲ್ಲಿ ಕೂರುವ ಹಾಗಿಲ್ಲ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸಿಗೆ ಸಾವಿರದ ಐನೂರು ಗಂಟೆ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್ ನಿಂತಾಗ ಅನುಭವಸ್ಥರೇ ಬಂದು ಇದೇ ಸಾಲಿನಲ್ಲಿ ನಿಂತರು. ಇದನ್ನು ಅಪ್ಪ ಅಮ್ಮಂದಿರಿಗೆ ಸೇರಿಸಿಕೊಳ್ಳುವ ಮೊದಲು ಯಾರು ಹೇಳುತ್ತಾರೆ?

ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು, ಆಗಸ್ಟ್ 31ಕ್ಕೆ ಮೊದಲ ಪ್ರಯಾಣಿಕ ವಿಮಾನ ಇಳಿಯಿತು. ಸಂತೋಷವೇ. ಎಲ್ಲರೂ ಕಮಲದಾಕಾರದ ಟರ್ಮಿನಲ್ ಮುಂದೆ ಫೋಟೋ ತೆಗೆಸಿಕೊಂಡರು. ನಮ್ಮ ಜನಪ್ರತಿನಿಧಿಗಳು ಯಾವ ಊರಿಗೆ ಹೊಸ ವಿಮಾನ ಬೇಕು ಅಂತ ಮಾತ್ರ ಕೇಳುತ್ತಾರೆ, ಅದನ್ನು ಹಾರಿಸುವವರಲ್ಲಿ ನಮ್ಮವರೂ ಇರಬೇಡವೇ ಅಂತ ಕೇಳಿದ್ದು ನನ್ನ ಕಿವಿಗಂತೂ ಬಿದ್ದಿಲ್ಲ. ರಾಜ್ಯ ಸರ್ಕಾರದ್ದೇ ಒಂದು ಹಾರಾಟ ಶಾಲೆ ಜಕ್ಕೂರಿನಲ್ಲಿದೆ, ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶುರುವಾದದ್ದು. ಭದ್ರಾವತಿಯ ಎಷ್ಟು ಪಿಯು ವಿದ್ಯಾರ್ಥಿಗಳಿಗೆ ಅದರ ಹೆಸರು ಗೊತ್ತು, ಕೇಳಿ ನೋಡಿ.

ಇದನ್ನು ಓದುವವರಲ್ಲಿ ವಿಮಾನ ಹಾರಿಸುವವರು ಯಾರಾದರೂ ಇದ್ದರೆ, ರಜೆಯ ದಿನ ಒಮ್ಮೆ ಈ ಕಡೆ ಬನ್ನಿ. ನಾಲ್ಕೈದು ಮಕ್ಕಳನ್ನು ನಾನು ಸೇರಿಸುತ್ತೇನೆ. ಸಂದರ್ಶಕರ ಕುರ್ಚಿಯಲ್ಲಿ ನೀವು ಕೂತು, ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಅವರನ್ನು ಒಂದು ಗಂಟೆ ಚೆನ್ನಾಗಿ ಬೆವರಿಳಿಸಿ. ಊಟ ನಮ್ಮ ಅಕ್ಕನ ಮನೆಯಲ್ಲಿ.