ರುಜು ಹಾಕುವ ಮೊದಲು ವಕೀಲರನ್ನು ಕಾಣಿರಿ



“ತಪ್ಪೊಪ್ಪಿ ದಂಡ ಕಟ್ಟು, ಕೇಸು ಮುಗಿಯುತ್ತದೆ” ಎಂದು ರೈಟರು ಹೇಳುತ್ತಾರೆ. ಯಾರಿಗೆ ಮುಗಿಯುತ್ತದೆ? ಲೈಸೆನ್ಸಿಲ್ಲದ ಕೆಲಸಗಾರನನ್ನು ಎಸ್ಟೇಟಿನ ಟ್ರ್ಯಾಕ್ಟರಿಗೆ ಹತ್ತಿಸಿ ರಸ್ತೆಗೆ ಕಳಿಸಿದವರು ಯಾರು? 1988ರ ಮೋಟಾರು ವಾಹನ ಕಾಯಿದೆಯ 180ನೆಯ ಕಲಮು ಗಾಡಿ ಕೊಟ್ಟ ಮಾಲಿಕನನ್ನೂ ಅಪರಾಧಿ ಎನ್ನುತ್ತದೆ. 2019ರ ತಿದ್ದುಪಡಿ ಆ ದಂಡವನ್ನು 5,000 ರೂಪಾಯಿಗೆ ಏರಿಸಿತು. ಆದರೂ ರುಜು ಹಾಕುವವನು ಕೆಲಸಗಾರನೊಬ್ಬನೇ!

“ವಕೀಲರಿಗೆ ದುಡ್ಡೆಲ್ಲಿ?” ಎನ್ನುವಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮನ್ನು ಓದಿಸಿ ಕೇಳಿರಿ. ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇವರೆಲ್ಲ ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೇಳಬಹುದು. ಇದು ಭಿಕ್ಷೆಯಲ್ಲ, ಹಕ್ಕು. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿರಿ. ಕೋರ್ಟಿನ ಬಾಗಿಲಲ್ಲಿ ನಿಂತ ದಲ್ಲಾಳಿಗೆ ಒಂದು ಕಾಸೂ ಕೊಡಬೇಡಿರಿ.

ಕುಡಿದು ಗಾಡಿ ಓಡಿಸಿದವನನ್ನು ಬಚ್ಚಿಡಲು ನಾವು ವಕೀಲರನ್ನು ಕೇಳುತ್ತಿಲ್ಲ. ಮಾಡಿದ ತಪ್ಪಿಗೆ ಮಾಡಿದವನು ತಲೆಬಾಗಲಿ. ಆದರೆ ಮಾಡಿಸಿದವರ ಪಾಲನ್ನೂ ಅವನೇ ಹೊರಬೇಕೆ? ಇಬ್ಬರ ತಪ್ಪಿಗೆ ಒಬ್ಬನ ಬಟವಾಡೆ ಮುರಿಯುವುದು ನ್ಯಾಯವಲ್ಲ. ಅದನ್ನು ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಲಿಕ್ಕೇ ವಕೀಲರು ಬೇಕು.