ಬರಕ್ಕೆ ಗಡಿಯ ಬಣ್ಣ: ಜತ್ತ ನಮಗೆ ಕಲಿಸಿದ್ದು

ಜತ್ತ ತಾಲೂಕಿನ ಪೂರ್ವಭಾಗದ ಕನ್ನಡ ಶಾಲೆಗಳಲ್ಲಿ ಮಳೆ ಕೈಕೊಟ್ಟ ವರ್ಷವನ್ನು ಹಾಜರಿ ಪುಸ್ತಕದಿಂದಲೇ ಗುರುತಿಸಬಹುದು. ದೀಪಾವಳಿಯ ಹೊತ್ತಿಗೆ ತಂದೆತಾಯಿಗಳು ಕಬ್ಬು ಕಡಿಯಲು ಹೊರಡುತ್ತಾರೆ. ಅನೇಕ ಮಕ್ಕಳೂ ಅವರೊಡನೆ ಹೋಗುತ್ತಾರೆ. ಹಾಜರಿ ಇಳಿದ ಶಾಲೆಯನ್ನು ಉಳಿಸಿಕೊಳ್ಳುವುದು ಕಷ್ಟ. ಆದುದರಿಂದ ನೀರಿನ ಪ್ರಶ್ನೆ ನಮಗೆ ಭಾಷೆಯ ಪ್ರಶ್ನೆಯೂ ಹೌದು.

ನಮ್ಮ ಸಾಂಗ್ಲಿ ಜಿಲ್ಲೆಯ ಪಶ್ಚಿಮ ಭಾಗ 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈನಲ್ಲಿಯೂ ಕೃಷ್ಣೆಯ ನೆರೆಯಲ್ಲಿ ಮುಳುಗಿತು. ಪೂರ್ವ ಭಾಗವಾದ ಜತ್ತ ಮಳೆನೆರಳಿನ ಬರಭೂಮಿ. ಮಹಾರಾಷ್ಟ್ರವನ್ನೂ ಒಳಗೊಂಡ ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟು ಹೆಚ್ಚಿವೆಯೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಹವಾಮಾನ ಬದಲಾದಂತೆ ಒಂದೇ ಜಿಲ್ಲೆಯೊಳಗಿನ ಈ ಅಂತರ ಇನ್ನಷ್ಟು ತೀವ್ರವಾಗುವ ಆತಂಕವಿದೆ.

ಆದರೆ ಬರವು ತಾನಾಗಿ ಕಲ್ಲೆಸೆಯುವುದಿಲ್ಲ. 2012ರಲ್ಲಿ ಇಲ್ಲಿನ ಕೆಲವು ಗ್ರಾಮಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದು ನೀರಿಲ್ಲದ ಸಂಕಟದಿಂದ. ಮ್ಹೈಸಾಳ ಏತ ನೀರಾವರಿಯ ನೀರು ಆ ಊರುಗಳಿಗೆ ತಲುಪಿರಲಿಲ್ಲ. ಹತ್ತು ವರ್ಷಗಳ ಬಳಿಕ, 2022ರ ನವೆಂಬರ್‌ನಲ್ಲಿ, ಕರ್ನಾಟಕದ ಮುಖ್ಯಮಂತ್ರಿಗಳು ಆ ಠರಾವನ್ನು ಪ್ರಸ್ತಾಪಿಸಿದೊಡನೆ ನೀರಿನ ಮಾತು ಗಡಿಯ ಮಾತಾಯಿತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು; ಡಿಸೆಂಬರ್ 6ರಂದು ಬೆಳಗಾವಿಯ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ವಾಹನಗಳಿಗೆ ಕಲ್ಲು ಬಿದ್ದವು. ಅದೇ ದಿನಗಳಲ್ಲಿ ತುಬಚಿ–ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ತಿಕ್ಕುಂಡಿಯ ಕೆರೆಗೆ ಬಂದಿತು. ಬಾಯಾರಿದವರಿಗೆ ಅದು ನೀರು. ರಾಜಕಾರಣಕ್ಕೆ ಅದು ಸವಾಲು.

ಸಹಕಾರದ ದಾರಿ ಇಲ್ಲದಿಲ್ಲ. 2021ರ ಜೂನ್‌ನಲ್ಲಿ ಉಭಯ ರಾಜ್ಯಗಳು ಬೆಂಗಳೂರಿನಲ್ಲಿ ಕುಳಿತು ನೆರೆ ನಿರ್ವಹಣೆಗೆ ಮಾಹಿತಿ ಹಂಚಿಕೊಳ್ಳಲು ಒಪ್ಪಿದವು. ಬೇಸಿಗೆಯಲ್ಲಿ ಕೊಯ್ನೆಯಿಂದ ಉತ್ತರ ಕರ್ನಾಟಕಕ್ಕೆ ನೀರು, ಬದಲಿಗೆ ಕರ್ನಾಟಕದಿಂದ ಜತ್ತಕ್ಕೆ ನೀರು ಎಂಬ ವಿನಿಮಯದ ಪ್ರಸ್ತಾವವೂ ಚರ್ಚೆಗೆ ಬಂದಿತ್ತು. ಆಲಮಟ್ಟಿಯ ಎತ್ತರದ ವಿವಾದದಲ್ಲಿಯೂ ಘೋಷಣೆಗಿಂತ ಲೆಕ್ಕವೇ ಮೇಲು. ಮಹಾರಾಷ್ಟ್ರವೇ ನೇಮಿಸಿದ್ದ ವಡ್ನೆರೆ ಸಮಿತಿಯು 2019ರ ನೆರೆಗೆ ಆಲಮಟ್ಟಿ ಕಾರಣವಲ್ಲವೆಂದಿತ್ತು. ಎತ್ತರ ಹೆಚ್ಚಿದರೆ ಮುಂದೇನು ಎಂಬ ಸಾಂಗ್ಲಿಯ ಭಯಕ್ಕೂ ಅಂಥದೇ ಅಧ್ಯಯನದ ಉತ್ತರ ಸಲ್ಲಬೇಕು.

ನಮ್ಮ ಬೇಡಿಕೆ ಸರಳ: ಜತ್ತದ ನೀರಿಗೆ ಲಿಖಿತ ಒಪ್ಪಂದವಾಗಲಿ, ಅದು ಚುನಾವಣೆಯಿಂದ ಚುನಾವಣೆಗೆ ಬದಲಾಗದಿರಲಿ. ಕಬ್ಬಿನ ಹಂಗಾಮಿನಲ್ಲಿ ಮಕ್ಕಳು ಊರಲ್ಲೇ ಉಳಿದು ಓದಲು ವಸತಿ ವ್ಯವಸ್ಥೆಯಾಗಲಿ.

ಪಾಲಕರಲ್ಲಿಯೂ ಒಂದು ವಿನಂತಿ. ಕನ್ನಡ ಕಲಿಯುವ ನಮ್ಮ ಮಕ್ಕಳ ನೆರೆಮನೆಯಲ್ಲಿ ಮರಾಠಿ ಮಾತನಾಡುವ ಮಗುವೂ ಟ್ಯಾಂಕರಿನ ಮುಂದೆ ಕೊಡ ಹಿಡಿದು ಅದೇ ಸಾಲಿನಲ್ಲಿ ನಿಲ್ಲುತ್ತದೆ. ಕನ್ನಡವನ್ನು ಬಿಡದೆಯೂ ಆ ಸಾಲನ್ನು ಒಡೆಯದಿರುವುದು ಸಾಧ್ಯ. ಅದನ್ನು ಮನೆಯಲ್ಲಿ ನೀವು, ಶಾಲೆಯಲ್ಲಿ ನಾವು ಕಲಿಸೋಣ.